ಪುಟ್ಟರಾಜುವಿನ ಗುಡ್ಡೆ ಬಾಡು

ಟಗರುಗಳಿಗೆ ಗಂಧದ ಸೋಪು ಹಾಕಿ ಮೈ ತೊಳೆದದ್ದೇ ತಪ್ಪಾಯಿತು. ಯುಗಾದಿಯ ದಿನ ಊರೆಲ್ಲ ಎಣ್ಣೆನೀರು ಹಾಕಿಕೊಳ್ಳುತ್ತಿದ್ದಾಗ, ಕಟ್ಟಾಯದ ಕಡೆಯ ಪುಟ್ಟರಾಜು ತಾನು ಸಾಕಿದ ಮೂರು ಬನ್ನೂರು ಟಗರುಗಳಿಗೂ ಆ ಭಾಗ್ಯ ಕರುಣಿಸಿದ. ಉಜ್ಜಿ, ಬಾಚಿ, ಕೊರಳಿಗೆ ಚೆಂಡುಹೂ ಕಟ್ಟಿ ಜಗುಲಿಯ ಮುಂದೆ ನಿಲ್ಲಿಸಿದಾಗ ಅವು ಮದುವೆ ಗಂಡುಗಳ ಹಾಗೆ ಹೊಳೆಯುತ್ತಿದ್ದವು.

ಈ ಸಂಭ್ರಮಕ್ಕೆ ಕಾರಣವಿತ್ತು. ಆ ಊರಿನಲ್ಲಿ ಗುಡ್ಡೆ ಬಾಡಿನ ಚೀಟಿ ಇದೆ. ಮನೆಮನೆಯವರೂ ವರ್ಷವಿಡೀ ಚೀಟಿ ಕಟ್ಟಿ, ಯುಗಾದಿಯ ಮಾರನೆಯ ದಿನ, ಅಂದರೆ ವರ್ಷತೊಡಕಿನ ಬೆಳಿಗ್ಗೆ, ಒಟ್ಟಿಗೆ ಟಗರು ಕೊಯ್ಯಿಸಿ, ಮಾಂಸವನ್ನು ಸಮಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಇಷ್ಟು ದಿನ ಟಗರು ಚನ್ನರಾಯಪಟ್ಟಣದ ಸಂತೆಯಿಂದ ಬರುತ್ತಿತ್ತು. ಈ ಸಲ ಮೊಟ್ಟಮೊದಲಿಗೆ ಊರವನೇ ಆದ ಪುಟ್ಟರಾಜುವಿಗೆ ಆ ಗೌರವ ಸಿಕ್ಕಿತ್ತು. ಸಾಕಿದವನಿಗೆ ಗುಡ್ಡೆಯ ಜೊತೆಗೆ ಒಂದು ತಲೆಮಾಂಸವೂ ಸೇರುವುದೆಂದು ಮಾತಾಗಿತ್ತು.

ಹೆಂಡತಿ ಮಕ್ಕಳು ಹಬ್ಬಕ್ಕೆಂದು ಹೊಳೆನರಸೀಪುರದ ತವರಿಗೆ ಹೋಗಿದ್ದರು. ತಾಯಿ ಸುಬ್ಬಮ್ಮ ಮಾರನೆಯ ದಿನ ನಸುಕಿನಲ್ಲೇ ಎದ್ದು ಮಸಾಲೆ ಅರೆಯುತ್ತ ಕೂತಿದ್ದಳು.

"ವರ್ಸ್‌ತೊಡ್ಕಿನ ದಿವ್ಸ ಏನ್ ನಡೀತದೋ ವರ್ಸೆಲ್ಲಾ ಅದೇ ನಡೀತದೆ ಕಣ್ಲಾ," ಎಂದಳು ಕೈ ನಿಲ್ಲಿಸದೆ. "ಇವತ್ತು ಜಗಳ ಆಡ್ಬ್ಯಾಡ, ಯಾರ ಕೈಲೂ ಸೋಲ್ಬ್ಯಾಡ. ಒಟ್ಟೆ ತುಂಬ ತಲೆಮಾಂಸ ಉಣ್ಣು. ವರ್ಸೆಲ್ಲಾ ಉಂಡಂಗೇಯ."

ಪುಟ್ಟರಾಜುವಿಗೂ ಬೇಕಾಗಿದ್ದದ್ದು ಅಷ್ಟೇ. ಬಾಯಲ್ಲಿ ನೀರೂರಿಸಿಕೊಂಡು ಕೊಟ್ಟಿಗೆಯ ಕಡೆ ನಡೆದ. ಕೊಟ್ಟಿಗೆಯ ಬಾಗಿಲಿಗೆ ಅಡ್ಡಲಾಗಿ ಮೇಘಶ್ರೀ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

ಮೇಘಶ್ರೀ ಚೀಟಿಯ ಯಜಮಾನ ಕಾಂತರಾಜುವಿನ ಮಗಳು. ಹಾಸನದಲ್ಲಿ ಕಾಲೇಜು ಓದುತ್ತ ಅಲ್ಲಿನ ಪ್ರಾಣಿದಯೆಯ ಬಳಗವೊಂದಕ್ಕೆ ಸೇರಿ ಬಾಡು ಬಿಟ್ಟಿದ್ದಳು, ಮೊಟ್ಟೆ ಬಿಟ್ಟಿದ್ದಳು, ಹಾಲನ್ನೂ ಬಿಟ್ಟಿದ್ದಳು. ಅಪ್ಪ ಊರಿನ ಹಾಲಿನ ಡೈರಿಯ ಅಧ್ಯಕ್ಷನಾದ್ದರಿಂದ ಈ ಕೊನೆಯದನ್ನು ಮನೆಯವರು ಗುಟ್ಟಾಗಿಟ್ಟಿದ್ದರು. ಹಿಂದಿನ ಸಂಜೆ ಚಂದ್ರನನ್ನು ನೋಡಲು ಬೀದಿಗೆ ಬಂದವಳ ಕಣ್ಣಿಗೆ ಸೋಪು ಹಚ್ಚಿ ಹೊಳೆಯುತ್ತಿದ್ದ ಟಗರುಗಳು ಬಿದ್ದಿದ್ದವು. ಕೊರಳು ತಬ್ಬಿ ಫೋಟೊ ತೆಗೆದುಕೊಂಡು, ಚಿನ್ನು, ಮುನ್ನು, ಪುಟ್ಟು ಎಂದು ಹೆಸರಿಟ್ಟು ಫೋನಿನಲ್ಲಿ ಹಾಕಿದ್ದಳು. ಬೆಳಗಾಗುವುದರೊಳಗೆ ಎಲ್ಲೆಲ್ಲಿಯದೋ ಜನ ಅವುಗಳ ಮೇಲೆ ಪ್ರಾಣ ಬಿಡುತ್ತಿದ್ದರು. ಈಗ ಅವಳ ಮಡಿಲಲ್ಲಿ ಒಂದು ರಟ್ಟು ಇತ್ತು. ಅದರ ಮೇಲೆ ದಪ್ಪಕ್ಷರದಲ್ಲಿ 'ಪುಟ್ಟೂನ ಕೊಲ್ಲಬೇಡಿ' ಎಂದಿತ್ತು.

ಹಿಂದೆಯೇ ಬಂದ ಸುಬ್ಬಮ್ಮ ಅಕ್ಷರ ಕೂಡಿಸಿಕೊಂಡು ಓದಿ ಎದೆ ಹಿಡಿದುಕೊಂಡಳು. "ಅಯ್ಯೋ ನನ್ ಮಗನೇ! ಯಾರ್ಲಾ ನಿನ್ನ ಕೊಲ್ಲಕ್ಕೆ ಬಂದಿರೋರು?"

"ಅದು ನಾನಲ್ಲ ಕಣವ್ವ, ಟಗರು," ಎಂದ ಪುಟ್ಟರಾಜು. "ಮೇಘವ್ವ, ಹೊತ್ತಾಯ್ತು, ಎದ್ದೇಳವ್ವ. ಕೊಯ್ಯೋರು ಬಂದು ಕಾಯ್ತಾವ್ರೆ."

"ಏಳಲ್ಲ ಮಾವ. ಲೈವ್ ಹೋಗ್ತಿದೆ. ಇಡೀ ರಾಜ್ಯ ನೋಡ್ತಿದೆ. ಈ ಮೂಕಪ್ರಾಣಿಗಳನ್ನ ಕೊಲ್ಲೋಕೆ ನಿಮ್ಗೆ ಮನಸ್ಸಾದ್ರೂ ಹೇಗೆ ಬರುತ್ತೆ, ಹೇಳಿ," ಎಂದು ಫೋನನ್ನು ಅವನ ಮುಖಕ್ಕೆ ಹಿಡಿದಳು.

ಅಷ್ಟರಲ್ಲಿ ಗುಡ್ಡೆ ಒಯ್ಯಲು ಪಾತ್ರೆ ಹಿಡಿದ ಜನವೆಲ್ಲ ಕೊಟ್ಟಿಗೆಯ ಮುಂದೆ ನೆರೆದಿತ್ತು. ಪುಟ್ಟರಾಜು ಆಸೆಯಿಂದ ಅವರ ಕಡೆ ನೋಡಿದ. ಫೋನೂ ಅವರ ಕಡೆ ತಿರುಗಿತು. ತಿರುಗಿದ್ದೇ ತಡ, ಪಾತ್ರೆಗಳೆಲ್ಲ ಬೆನ್ನ ಹಿಂದೆ ಹೋದವು.

"ನಮ್ಮನೇಲಿ ಬಾಡು ಅಪ್ರೂಪ ಕಣವ್ವ," ಎಂದ ಅಂಗಡಿಯ ಶಾಂತರಾಜು. ಭಾನುವಾರ ಭಾನುವಾರ ಅವನ ಮನೆಯ ಒಗ್ಗರಣೆ ಊರ ಬಾಗಿಲವರೆಗೂ ಬರುತ್ತದೆ.

ಕಾಂತರಾಜು ಪಂಚೆ ಸರಿಮಾಡಿಕೊಂಡು, ಸಭೆಯಲ್ಲಿ ನಿಂತವನ ಹಾಗೆ ಕೆಮ್ಮಿದ. ಡೈರಿಯ ಚುನಾವಣೆ ಹತ್ತಿರವಿತ್ತು. "ಸಕಲ ಜೀವಿಗಳಲ್ಲಿ ದಯೆ ಇರಬೇಕು ಅನ್ನೋದೇ ನಮ್ಮ ಸಂಘದ ನಿಲುವು. ಆದರೆ ರೈತರ ಕಷ್ಟಾನೂ ನೋಡಬೇಕು. ಆದರೂ ದಯೆ ಮುಖ್ಯ," ಎಂದು ಫೋನಿಗೆ ಕೈಮುಗಿದ. ಆಮೇಲೆ ಪುಟ್ಟರಾಜುವನ್ನು ಮೂಲೆಗೆ ಎಳೆದು ಕಿವಿಯಲ್ಲಿ ಉಸುರಿದ: "ಲೇ, ನೀನೇ ಏನಾರಾ ಹೇಳಿ ಎಬ್ಬಿಸ್ಲಾ. ನಾನ್ ಯೋಳುದ್ರೆ ಹಾಲಿನ ಇಸ್ಯ ಎತ್ತುತಾಳೆ. ಇನ್ನೊಂದು ಗಳಿಗೇಲಿ ಟಗರು ಈಚೆಗೆ ಬರ್ನಿಲ್ಲ ಅಂದ್ರೆ ಚೀಟಿ ದುಡ್ಡಿಗೆ ಬಾಯ್ಲರ್ ಕೋಳಿ ತರುಸ್ಬುಡ್ತೀನಿ ನೋಡು."

ವರ್ಷತೊಡಕಿಗೆ ಬಾಯ್ಲರ್ ಕೋಳಿ! ಅದು ಪುಟ್ಟರಾಜುವಿನ ಹೆಸರಿಗೇ ಅಂಟುತ್ತದೆ. ಇನ್ನು ತಲೆಯೆತ್ತಿ ಊರೊಳಗೆ ತಿರುಗುವ ಹಾಗಿಲ್ಲ. ಅದೂ ವರ್ಷವೆಲ್ಲ. ತಿನ್ನುವವರೆಲ್ಲ ಸಾಧುಗಳಾಗಿ, ಸಾಕಿದವನೊಬ್ಬನೇ ಕಟುಕನಾಗಿದ್ದ. ಅವನಿಗೆ ಸಿಟ್ಟು ಬಂತು, ಅಳುವೂ ಬಂತು. ಕೊಟ್ಟಿಗೆಗೆ ನುಗ್ಗಿದವನೇ ಮೂರೂ ಹಗ್ಗ ಬಿಚ್ಚಿ ತಂದು ಮೇಘಶ್ರೀಯ ಕೈಗೆ ಸುತ್ತಿಬಿಟ್ಟ.

"ತಕೋ ತಾಯಿ! ಇವತ್ತಿಂದ ಇವು ನಿನ್ನವು. ನೀನೇ ಸಾಕು. ಸೊಪ್ಪು ತತ್ತಾ, ನೀರು ಕುಡುಸ್ತಾ, ಕಾಲು ನೋವು ಬಂದ್ರೆ ಔಸ್ದ ಹಚ್ತಾ ಇರು. ನಾನ್ಯಾಕೆ ಬ್ಯಾಡ ಅನ್ಲಿ?"

"ಥ್ಯಾಂಕ್ಸ್ ಮಾವ!" ಎಂದು ಮೇಘಶ್ರೀ ಕಣ್ಣೀರು ಹಾಕಿದಳು. ಫೋನಿನೊಳಗಿನ ಜನವೂ ಚಪ್ಪಾಳೆ ತಟ್ಟಿರಬೇಕು. ಆದರೆ ಟಗರುಗಳು ಬೆಳಗಿನಿಂದ ಏನೂ ತಿಂದಿರಲಿಲ್ಲ.

ಚಿನ್ನು ಎಡಕ್ಕೆ, ಮುನ್ನು ಬಲಕ್ಕೆ ಎಳೆದವು. ಪುಟ್ಟು ನಡುಬೀದಿಯಲ್ಲಿ ನೆಟ್ಟಗೆ ಓಡಿತು. ಮೇಘಶ್ರೀ ಮೂರೂ ಕಡೆ ಹೋದಳು. ಕಾಂತರಾಜುವಿನ ಮನೆ ಬಾಗಿಲಿನ ಮಾವಿನ ತೋರಣ ಕ್ಷಣದಲ್ಲಿ ಮಾಯವಾಯಿತು. ಆಮೇಲೆ ಬೇಲಿಯ ಮೇಲೆ ಒಣಗಲು ಹಾಕಿದ್ದ ಅವಳ ಅಮ್ಮನ ಹಬ್ಬದ ಸೀರೆಯ ಸೆರಗು. ಕೊನೆಗೆ 'ಪುಟ್ಟೂನ ಕೊಲ್ಲಬೇಡಿ' ಎಂಬ ರಟ್ಟನ್ನು ಸ್ವತಃ ಪುಟ್ಟುವೇ ಆಸ್ಥೆಯಿಂದ ತಿಂದು ಮುಗಿಸಿತು.

"ಅಪ್ಪಾ! ಹಿಡ್ಕೊಳ್ಳಿ!" ಎಂದು ಮೇಘಶ್ರೀ ಕಿರುಚಿದಳು.

ಕಾಂತರಾಜು ದಯೆಯನ್ನು ಮರೆತು ದೊಣ್ಣೆ ಹಿಡಿದು ಬಂದ. ಪುಟ್ಟು ಎರಡು ಹೆಜ್ಜೆ ಹಿಂದೆ ಸರಿಯಿತು. ಅದು ಹೆದರಿಕೆ ಎಂದು ಅವನು ತಿಳಿದ. ಮರುಗಳಿಗೆಯಲ್ಲಿ ಡೈರಿಯ ಅಧ್ಯಕ್ಷರು ಇಡೀ ರಾಜ್ಯ ನೋಡುತ್ತಿದ್ದಂತೆ ಬಿಳಿ ಪಂಚೆಯ ಸಮೇತ ತಿಪ್ಪೆಯಲ್ಲಿ ಕೂತಿದ್ದರು.

"ಬಾ ಮಗಾ, ಬಾ ಬಾ ಬಾ," ಎಂದ ಪುಟ್ಟರಾಜು ಮೆಲ್ಲಗೆ. ಮೂರೂ ಟಗರುಗಳು ತಲೆ ತಗ್ಗಿಸಿ ಬಂದು ಅವನ ಮೊಣಕಾಲಿಗೆ ಮೈ ಒತ್ತಿ ನಿಂತವು.

ಮೇಘಶ್ರೀ ಏದುಸಿರು ಬಿಡುತ್ತ ಬಂದಳು. "ಮಾವ, ನಿಮ್ಮನ್ನ ಕಂಡ್ರೆ ಅವಕ್ಕೆ ಅಷ್ಟು ಪ್ರೀತಿನಾ?"

"ಪ್ರೀತಿ ಇಲ್ದೆ ಸಾಕಕ್ಕಾಯ್ತದೇನವ್ವ?" ಪುಟ್ಟರಾಜು ಪುಟ್ಟುವಿನ ಬೆನ್ನು ಸವರಿದ. "ಈ ದಪ್ಪಂದು ಉಟ್ಟಿದ್ದೇ ತಡ ಅವ್ವನ್ನ ಕಳ್ಕಂತು. ಮಳೇಲಿ ಎದೆಗವಚ್ಕಂಡು ಮಲಗಿವ್ನಿ. ಪ್ರತಿ ಸಲ ಹಗ್ಗ ಬಿಚ್ಚಿ ಕೊಡೋವಾಗ ಕರ್ಳು ಕಿತ್ತು ಬತ್ತದೆ. ಆದ್ರೆ ಕೊಡ್ನಿಲ್ಲ ಅಂದ್ರೆ ಮುಂದ್ಲ ಮರೀಗೆ ಉಲ್ಲು ಯಾರು ಆಕ್ತಾರೆ? ಒಂದಿನ ತಬ್ಕಂಡು ಪಟ ತೆಗ್ದೋರು ಪುಣ್ಯವಂತ್ರು, ವರ್ಸೆಲ್ಲಾ ಸಗಣಿ ಬಾಚ್ದೋನು ಕೊಲೆಗಾರ. ಇದ್ಯಾವ ನ್ಯಾಯ ಕಣವ್ವ?"

ಮೇಘಶ್ರೀ ಫೋನು ನೋಡಿದಳು. ಅದರ ತುಂಬ ಕೈಮುಗಿಯುವ ಗುರುತುಗಳು ಬಂದು ಬೀಳುತ್ತಿದ್ದವು. ರೈತನೇ ನಿಜವಾದ ಪ್ರಾಣಿಪ್ರೇಮಿ ಎಂದು ಯಾರೋ ಬರೆದರು, ಹೌದು ಹೌದು ಎಂದು ನೂರಾರು ಜನ ಬರೆದರು. ಹುಡುಗಿ ಒಳ್ಳೆಯವಳು. ಕಣ್ಣೊರೆಸಿಕೊಂಡು, "ನಾನು ತಿನ್ನಲ್ಲ ಮಾವ, ಆದ್ರೆ ನಿಮ್ಮನ್ನ ಇನ್ನು ತಡೆಯಲ್ಲ. ನಿಮ್ಮ ಮೇಲೆ ತಪ್ಪು ತಿಳ್ಕೊಂಡಿದ್ದೆ," ಎಂದು ಎಲ್ಲರ ಮುಂದೆ ಅವನ ಕಾಲು ಮುಟ್ಟಿದಳು.

ಬೆನ್ನ ಹಿಂದಿದ್ದ ಪಾತ್ರೆಗಳೆಲ್ಲ ಮುಂದಕ್ಕೆ ಬಂದವು. ಶಾಂತರಾಜು ಶಿಳ್ಳೆ ಹಾಕಿದ. ಯಾರೋ ಅಂಗಡಿಯಿಂದ ಶಾಲು ತಂದು ಪುಟ್ಟರಾಜುವಿಗೆ ಹೊದಿಸಿದರು. ಅವನು ಗೆದ್ದಿದ್ದ! ಅದೂ ವರ್ಷತೊಡಕಿನ ದಿನ. ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಿತು.

"ಕೊನೇದಾಗಿ ಒಂದು ಮಾತು ಮಾವ," ಎಂದಳು ಮೇಘಶ್ರೀ ಫೋನು ಎತ್ತಿ. "ಇಷ್ಟು ಪ್ರೀತಿಯಿಂದ ಸಾಕಿ, ಇವನ್ನ ನೀವೂ ತಿಂತೀರಾ?"

ಇಡೀ ರಾಜ್ಯ ಕಾಯುತ್ತಿತ್ತು. ಪುಟ್ಟರಾಜು ಶಾಲು ಸರಿಮಾಡಿಕೊಂಡು ಗುಡುಗಿದ: "ಛೆ ಛೆ! ಏನಂತ ತಿಳ್ಕಂಡಿದ್ದೀಯವ್ವ? ಈ ಕೈಯಾರ ಸಾಕಿದ್ದ ಮರೀನ ಈ ಬಾಯಿಗೆ ಇಡೋ ಪೈಕಿ ಅಲ್ಲ ಈ ಪುಟ್ಟರಾಜು!"

ಚಪ್ಪಾಳೆಯೋ ಚಪ್ಪಾಳೆ. ಆ ಗದ್ದಲದಲ್ಲಿ ಸುಬ್ಬಮ್ಮ ಹಣೆ ಚಚ್ಚಿಕೊಂಡದ್ದು ಯಾರಿಗೂ ಕೇಳಿಸಲಿಲ್ಲ.

ಬಾಳೆಲೆಗಳ ಮೇಲೆ ಸಾಲಾಗಿ ಗುಡ್ಡೆಗಳು ಬಿದ್ದವು. ಎಂಥ ಮಾಂಸ! ಇಂಥದ್ದನ್ನು ಯಾವ ಸಂತೆಯಲ್ಲೂ ಕಂಡಿಲ್ಲ ಎಂದು ಊರು ಕೊಂಡಾಡಿತು. ಪುಟ್ಟರಾಜು ಪಾತ್ರೆ ಮುಂದೆ ಮಾಡಿದ. ತಿಪ್ಪೆಯಿಂದೆದ್ದು ಸ್ನಾನ ಮಾಡಿ ಬಂದಿದ್ದ ಕಾಂತರಾಜು ಆ ಪಾತ್ರೆಯನ್ನು ಮೃದುವಾಗಿ ಪಕ್ಕಕ್ಕೆ ಸರಿಸಿದ.

"ನಿನ್ನ ಬಾಯಿಗೆ ಮೈಲಿಗೆ ಮಾಡಾದ್ ಬ್ಯಾಡ ಪುಟ್ಟರಾಜು. ಇಡೀ ರಾಜ್ಯದ ಮುಂದೆ ಮಾತು ಕೊಟ್ಟಿದ್ದೀಯ. ನಿನ್ ಗುಡ್ಡೇನೂ ತಲೇನೂ ನನ್ ಪಾತ್ರೆಗೆ ಆಕಂಡಿವ್ನಿ."

"ಕಾಂತಣ್ಣ, ಅದು ಮಾತಿಗೆ ಅಂದಿದ್ದು..."

"ಇನ್ನೂ ಲೈವ್ ನಡೀತಾ ಅದೆ ಕಣಪ್ಪ," ಎಂದ ಕಾಂತರಾಜು. ಪುಟ್ಟರಾಜು ಫೋನಿನ ಕಡೆ ತಿರುಗಿ ನಗುತ್ತ ಕೈಮುಗಿದ.

ಮಧ್ಯಾಹ್ನ ಊರಿನ ಪ್ರತಿ ಮನೆಯಿಂದಲೂ ಘಮಘಮ ಎದ್ದಿತು. ಅವನ ಮನೆಯೊಂದನ್ನು ಬಿಟ್ಟು. ಅರೆದ ಮಸಾಲೆಗೆ ಸುಬ್ಬಮ್ಮ ಬದನೆಕಾಯಿ ಹಾಕಿದ್ದಳು. ಮೇಘಶ್ರೀ ತನ್ನ ಊಟದ ಡಬ್ಬಿ ಹಿಡಿದು ಬಂದು ಅವನ ಪಕ್ಕದಲ್ಲೇ ಕೂತಳು. "ಮನೇಲಿ ನಂಗೆ ಒಬ್ಬಳಿಗೇ ಬೇಜಾರು ಮಾವ. ಇನ್ಮೇಲೆ ಊರಿಗೆ ಬಂದಾಗೆಲ್ಲ ನಿಮ್ಮ ಜೊತೇಲೇ ಊಟ. ತಗೊಳ್ಳಿ, ಸೋಯಾ ಉಂಡೆ. ಥೇಟ್ ಮಟನ್ನೇ!"

ಪುಟ್ಟರಾಜು ಒಂದು ಉಂಡೆ ಅಗಿದ. ಅಗಿಯುತ್ತಲೇ ಇದ್ದ. ಅಷ್ಟರಲ್ಲಿ ಫೋನು ಬಂತು. ಅರಕಲಗೂಡಿನ ಚೀಟಿಯವರು ಮುಂದಿನ ವರ್ಷಕ್ಕೆ ಟಗರು ಅವನದೇ ಬೇಕೆಂದರು. ಮಲ್ಲಿಪಟ್ಟಣದವರೂ ಕರೆದರು, ಚನ್ನರಾಯಪಟ್ಟಣದವರೂ ಕರೆದರು. ಅವನ ಮುಖ ಅರಳಿತು. ಕೊನೆಗೆ ಹೊಳೆನರಸೀಪುರದಿಂದ ಹೆಂಡತಿ.

"ವಿಡಿಯೊ ನೋಡ್ದೆ ಕಣ್ರೀ, ಇಲ್ಲಿ ಎಲ್ರೂ ನಿಮ್ದೇ ಮಾತು! ನಮ್ ತಮ್ಮನ ಮದ್ವೆ ಬೀಗರೂಟಕ್ಕೂ ನಿಮ್ ಟಗರೇ ಅಂತೆ. ನೆಂಟರು ಇಷ್ಟರೆಲ್ಲ ಇನ್ಮೇಲೆ ನಿಮ್ಮತ್ರಾನೇ ತಕಳದಂತೆ."

"ಗೆದ್ದೆ ಕಣೇ!" ಎಂದು ಪುಟ್ಟರಾಜು ತೊಡೆ ತಟ್ಟಿದ.

"ಊಂ. ಅದ್ಕೇ ಅಪ್ಪ ಅಡುಗೆಯೋರಿಗೆ ಈಗ್ಲೇ ಹೇಳವ್ರೆ. ಎಲ್ಲಿ ಬಾಡೂಟ ಆದ್ರೂ ಅದು ನೀವು ಸಾಕಿದ್ದೇ ಆಯ್ತದಲ್ಲ? ನಿಮ್ಗೆ ಮಾತ್ರ ಬ್ಯಾರೆ ಎಲೆ, ಬದನೆಕಾಯಿ ಗೊಜ್ಜು."

ಪುಟ್ಟರಾಜು ಶಾಲಿನ ತುದಿಯಿಂದ ಹಣೆ ಒರೆಸಿಕೊಂಡ. ಸುಬ್ಬಮ್ಮ ಸೌಟು ಹಿಡಿದು ಬಂದು ತಟ್ಟೆಗೆ ಇನ್ನಷ್ಟು ಬದನೆಕಾಯಿ ಬಡಿಸಿದಳು.

"ಉಣ್ಣು ಮಗಾ, ಒಟ್ಟೆ ತುಂಬ ಉಣ್ಣು," ಎಂದಳು. "ವರ್ಸೆಲ್ಲಾ ಇದೇಯ."