ಏಳಣ್ಣನ ಬಾಯಿ ಮುಚ್ಚಿಸಿದ್ದು

ಗಡಿಯಾರ ರಿಪೇರಿ ಮಾಡುವವನ ಪಕ್ಕದ ಮನೆಯಲ್ಲಿ ಕರೋಕೆ ಹಾಡುವವನನ್ನು ತಂದಿಟ್ಟ ದೇವರಿಗೆ ಹಾಸ್ಯಪ್ರಜ್ಞೆ ಇದೆ, ಕರುಣೆ ಇಲ್ಲ. ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮುಟದಲ್ಲಿ ಎತ್ತಿರುತ್ತೇನೆ. ಅಷ್ಟರಲ್ಲಿ ಗೋಡೆಯಾಚೆಯಿಂದ "ದೋಣಿ ಹೋಯ್ತಲ್ಲೇ, ನೀನು ಬರಲಿಲ್ಲವಲ್ಲೇ..." ಎಂದು ಏಳಣ್ಣ ಗೋಳಿಡುತ್ತಾನೆ. ತಿರುಪು ಹಾರುತ್ತದೆ. ನಾನು ಮೇಜಿನ ಕೆಳಗೆ. (ಆ ಮಹಾತಾಯಿ ಒಂದೇ ಒಂದು ಸಲ ದೋಣಿ ಹತ್ತಿ ಬಂದುಬಿಟ್ಟಿದ್ದರೆ ನನ್ನ ಅಂಗಡಿ ಉದ್ಧಾರವಾಗುತ್ತಿತ್ತು.)

ಏಳಣ್ಣ ಅವನ ಹೆಸರಲ್ಲ. ನಮ್ಮೂರು ಸಾದೆಕ್‌ನಲ್ಲಿ, ಸಾದೆಕ್ ಏನು ಬಂತು, ವಿಯೆಟ್ನಾಮಿನ ದಕ್ಷಿಣದ ಕಾಲುವೆ ಸೀಮೆಯಲ್ಲೆಲ್ಲ ನಾವು ಮನುಷ್ಯರನ್ನು ಹುಟ್ಟಿದ ಕ್ರಮಾಂಕದಿಂದಲೇ ಕರೆಯುವುದು. ಚೊಚ್ಚಲು ಮಗುವೇ 'ಎರಡು'. ಒಂದು ಎಲ್ಲಿ ಹೋಯಿತೆಂದು ಕೇಳಬೇಡಿ, ನಮಗೂ ಗೊತ್ತಿಲ್ಲ. ನಾನು ಚೊಚ್ಚಲು, ಆದ್ದರಿಂದ ಎರಡಣ್ಣ. ಅವನು ಏಳು. ಬೆಳಗಿನ ಜಾವ ಅವನು ಗಂಟಲು ಸರಿಮಾಡಿಕೊಂಡರೆ ಬೀದಿಗೆ ಬೀದಿಯೇ ಏಳು! ಬಾತುಮೊಟ್ಟೆ ವ್ಯಾಪಾರ. ಅವನ ಧ್ವನಿಪೆಟ್ಟಿಗೆಗೆ ಚಕ್ರಗಳಿವೆ, ಬಣ್ಣದ ದೀಪಗಳಿವೆ. ಎತ್ತರದಲ್ಲಿ ನನ್ನ ಹೆಂಡತಿ ಥೋವಾಗಿಂತ ಒಂದು ಗೇಣು ಹೆಚ್ಚು. ಸದ್ದಿನಲ್ಲಿ ಇಬ್ಬರೂ ಸಮ ಎಂದು ಒಮ್ಮೆ ಬಾಯಿತಪ್ಪಿ ಹೇಳಿ ಎರಡು ದಿನ ಬರೀ ಗಂಜಿ ಕುಡಿದೆ.

ಹೀಗಿರಲಾಗಿ ಒಂದು ಬೆಳಿಗ್ಗೆ, ಕೋಳಿಗಿಂತ ಮೊದಲೇ, ಲೈಟುಕಂಬಕ್ಕೆ ಕಟ್ಟಿದ ವಾರ್ಡಿನ ಧ್ವನಿವರ್ಧಕ ಗರ್ಜಿಸಿತು: "ನಾಗರಿಕರೇ! ಗದ್ದಲ ಆರೋಗ್ಯಕ್ಕೆ ಹಾನಿಕರ! ಕರೋಕೆ ಹಾವಳಿ ಮಾಡುವವರ ಮೇಲೆ ಕ್ರಮ ಜರುಗಿಸಲಾಗುವುದು!" ನಾನು ಮಂಚದಿಂದ ಬಿದ್ದೆ. ಬಿದ್ದಲ್ಲೇ ಕೈಮುಗಿದೆ.

"ಥೋವಾ, ಕೇಳಿದ್ಯಾ? ಸರ್ಕಾರ ನನ್ನ ಕಡೆ ಇದೆ!"

"ಸರ್ಕಾರ ನಿಮ್ಮ ಕಡೆ ಇರ್ಲಿ, ನೀವು ಸ್ವಲ್ಪ ಆ ಕಡೆ ಸರೀರಿ. ಸೊಳ್ಳೆಪರದೆ ಹರೀತಿದೆ."

"ಇವತ್ತೇ ಹೋಗಿ ದೂರು ಕೊಡ್ತೀನಿ."

"ಪಕ್ಕದ ಮನೆಯೋನ ಮೇಲೆ ದೂರಾ? ನಾಳೆ ಅಕ್ಕಿ ಮುಗಿದ್ರೆ ಸರ್ಕಾರದ ಹತ್ರ ಒಂದು ಲೋಟ ಕೇಳ್ತೀರಾ?"

"ಇದು ತತ್ತ್ವದ ಪ್ರಶ್ನೆ!"

"ಹಾಗಾದ್ರೆ ಮಧ್ಯಾಹ್ನ ತತ್ತ್ವಾನೇ ಬೇಯಿಸಿ ಹಾಕ್ತೀನಿ. ಮೀನುಸಾಸಿನಲ್ಲಿ ಅದ್ದಿಕೊಂಡು ತಿನ್ನಿ."

ದೂರು ಕೊಟ್ಟೇಬಿಟ್ಟೆ. ವಾರ್ಡು ಕಚೇರಿಯ ಟ್ರಿನ್ ಎಂಬ ಹುಡುಗಿ ಬಂದು, ಮೊಬೈಲಿನಲ್ಲಿ ಸದ್ದು ಅಳೆದು, ಏಳಣ್ಣನಿಗೆ ನಯವಾಗಿ ನಾಲ್ಕು ಮಾತು ಹೇಳಿದಳು. ಏಳಣ್ಣ ತಕರಾರು ಮಾಡಲಿಲ್ಲ. ಪೆಟ್ಟಿಗೆಯ ಮೇಲೆ ಹೂವಿನ ಚಾದರ ಹೊದಿಸಿದ. ನಾನು ಮಾತ್ರ ಅಷ್ಟಕ್ಕೇ ನಿಲ್ಲಲಿಲ್ಲ. ಅಳೆಯುವ ಆ ವಿದ್ಯೆಯನ್ನು ನನ್ನ ಮೊಬೈಲಿಗೂ ಹಾಕಿಸಿಕೊಂಡು, ಬೀದಿಯ ಸ್ವಘೋಷಿತ ಮೌನಾಧಿಪತಿಯಾದೆ. ಶ್ಯಾವಿಗೆ ಸಾರು ಮಾರುವವಳ ಕೂಗು ಅಳೆದೆ. ಕಲ್ಲಿನಲ್ಲಿ ಮೆಣಸು ಕುಟ್ಟುವುದನ್ನು ಅಳೆದೆ. ಹಲ್ಲು ಬರುತ್ತಿದ್ದ ಕೂಸಿನ ಅಳುವನ್ನು ಅಳೆಯಲು ಹೋದಾಗ ಅದರ ಅಜ್ಜಿ ಪೊರಕೆ ತೆಗೆದುಕೊಂಡಳು.

ಮೊದಲ ದಿನ ಸ್ವರ್ಗ. ಎರಡನೆಯ ದಿನ, ಆ ಪರಮ ಶಾಂತಿಯ ನಡುವೆ ಒಂದು ಧ್ವನಿ ಸ್ಪಷ್ಟವಾಗಿ ಕೇಳಿಸತೊಡಗಿತು. ಥೋವಾಳದು. ಸೋರುವ ಸೂರು, ಅವಳ ತಂಗಿಯ ಗಂಡ ಕೊಂಡ ಹೊಸ ಸ್ಕೂಟರು, ಮದುವೆಗೆ ಮೊದಲು ಅವಳನ್ನು ಕೇಳಿಕೊಂಡು ಬಂದಿದ್ದ ಇಟ್ಟಿಗೆಗೂಡಿನ ಮಾಲೀಕ! ಇಷ್ಟು ಕಾಲ ಏಳಣ್ಣನ ಹಾಡು ನನ್ನ ಸಂಸಾರವನ್ನು ಕೋಟೆಗೋಡೆಯಂತೆ ಕಾಪಾಡಿತ್ತೆಂದು ಆಗ ಅರಿವಾಯಿತು. ಆದರೂ ತತ್ತ್ವ ತತ್ತ್ವವೇ. ಹಲ್ಲುಕಚ್ಚಿ ಸಹಿಸಿದೆ.

ಅಷ್ಟರಲ್ಲಿ ಅಪ್ಪನ ತಿಥಿ ಬಂತು. ನಮ್ಮಲ್ಲಿ ತಿಥಿಯೆಂದರೆ ಬೀದಿಯವರೆಲ್ಲ ಬಂದು ಉಂಡು, ಕುಡಿದು, ಹಾಡಿ ಹೋಗಬೇಕು. ಇಲ್ಲದಿದ್ದರೆ ಸತ್ತವರಿಗೂ ಅವಮಾನ, ಇದ್ದವರಿಗೂ ಅವಮಾನ. ಥೋವಾ ಎಳನೀರಿನಲ್ಲಿ ಹಂದಿಮಾಂಸ ಮತ್ತು ಮೊಟ್ಟೆ ಬೇಯಿಸಿದಳು, ಹುಣಸೆಹುಳಿಯ ಮೀನುಸಾರು ಮಾಡಿದಳು, ಬಾಳೆಲೆಯಲ್ಲಿ ಅಂಟಕ್ಕಿಯ ಕಡುಬು ಕಟ್ಟಿದಳು. ಜನ ಬಂದರು. ಏಳಣ್ಣನೂ ಮೊಟ್ಟೆಬುಟ್ಟಿ ತಂದು, ಅಪ್ಪನ ಪಟಕ್ಕೆ ಊದುಬತ್ತಿ ಹಚ್ಚಿ, ಮೂಲೆಯಲ್ಲಿ ಕೂತ. ಯಾರೂ ತುಟಿಪಿಟಕ್ಕೆನ್ನಲಿಲ್ಲ. ಸಾರನ್ನು ಸದ್ದಿಲ್ಲದೆ ನುಂಗಿದರು. ಯಾರೋ ಅಕ್ಕಿಹಪ್ಪಳ ಕಟುಂ ಎಂದು ಕಡಿದಾಗ ಎಲ್ಲರೂ ಬೆದರಿ ನನ್ನ ಮೊಬೈಲಿನತ್ತ ನೋಡಿದರು.

ಅಮ್ಮ ಊಟದ ಕಡ್ಡಿಗಳನ್ನು ಕೆಳಗಿಟ್ಟಳು. "ಎರಡೂ, ನಿಮ್ಮಪ್ಪ ಸತ್ತ ದಿನಾನೂ ಮನೆ ಹಿಂಗೆ ಇರ್ಲಿಲ್ಲ ಕಣೋ. ಅವರೀಗ ಊಟಕ್ಕೆ ಅಂತ ಬಂದ್ರೆ, ಮನೆ ತಪ್ಪಿತು ಅಂತ ವಾಪಸ್ ಹೋಗ್ತಾರೆ."

ಥೋವಾ ಸೌಟಿನಿಂದ ಏಳಣ್ಣ ಕೂತಿದ್ದ ಮೂಲೆಯ ಕಡೆ ತೋರಿಸಿದಳು. ಅಪ್ಪನ ಪಟ ನೋಡಿದೆ. ಎದ್ದು ಏಳಣ್ಣನ ಮುಂದೆ ನಿಂತೆ.

"ಏಳಣ್ಣ, ಪೆಟ್ಟಿಗೆ... ಸ್ವಲ್ಪ..."

"ಏನು? ಕೇಳಿಸ್ಲಿಲ್ಲ. ತುಂಬಾ ಮೆಲ್ಲಗೆ ಮಾತಾಡ್ತಿದ್ದೀರಿ."

"ಪೆಟ್ಟಿಗೆ ತಗೊಂಡು ಬಾರಯ್ಯ!"

"ಹಾಂ, ಈಗ ಕೇಳಿಸ್ತು!"

ಊಟಕ್ಕೆ ಬಂದಿದ್ದ ಟ್ರಿನ್ "ಸದ್ದು ಅರ್ಧಕ್ಕಿರಲಿ, ಕತ್ತಲಾಗೋಕೆ ಮೊದಲು ನಿಲ್ಸಿ" ಎಂದು ತೀರ್ಪು ಕೊಟ್ಟು, ಮೊದಲ ಹಾಡನ್ನು ತಾನೇ ಹಾಡಿದಳು. ಬಳಿಕ ಮನೆ ಮನೆಯಾಯಿತು. ಅಕ್ಕಿಯ ಸಾರಾಯಿ ಹರಿಯಿತು, ಅಮ್ಮ ಚಪ್ಪಾಳೆ ತಟ್ಟಿದಳು. ಸಂಜೆಯಾದರೂ ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ಅನ್ನ ಮುಗಿಯಿತು, ಸಾರು ಮುಗಿಯಿತು. ಥೋವಾ ಸೊಂಟ ಹಿಡಿದುಕೊಂಡು, "ಇವ್ರು ಎದ್ದು ಹೋಗೋದು ಯಾವಾಗ್ರೀ?" ಎಂದು ಪಿಸುಗುಟ್ಟಿದಳು.

ಆಗಲೇ ಏಳಣ್ಣ ಮೈಕನ್ನು ನನ್ನ ಕೈಗೆ ತುರುಕಿದ. ಆಯುಷ್ಯದಲ್ಲೇ ಮೊದಲ ಬಾರಿ ಹಾಡಿದೆ. ಕಣ್ಣುಮುಚ್ಚಿ, ಎದೆ ಬಿಚ್ಚಿ ಹಾಡಿದೆ. ಕಣ್ಣು ತೆರೆದಾಗ ಒಬ್ಬನಿಗೆ ಬಾತುಗಳನ್ನು ಗೂಡಿಗೆ ಸೇರಿಸುವುದು ನೆನಪಾಗಿತ್ತು; ಇನ್ನೊಬ್ಬನಿಗೆ ಹೆಂಡತಿಯ ನೆನಪಾಗಿತ್ತು. (ಅವಳು ಪಕ್ಕದಲ್ಲೇ ಇದ್ದಳು.) ಎಡಗಾಲಿಗೆ ಬಲಗಾಲಿನ ಚಪ್ಪಲಿ ಮೆಟ್ಟಿಕೊಂಡು ಓಡಿದವರೂ ಉಂಟು. ಅಂಗಳ ಖಾಲಿ. ಥೋವಾ ಹೊತ್ತು ಮುಳುಗುವ ಮೊದಲೇ ಪಾತ್ರೆ ತೊಳೆದು ಮುಗಿಸಿ, ಮದುವೆಯಾದಂದಿನಿಂದ ನೋಡಿರದಂಥ ಪ್ರೀತಿಯಿಂದ ನನ್ನನ್ನು ನೋಡಿದಳು.

ಈಗ ಬೀದಿಯಲ್ಲಿ ಯಾರ ಮನೆ ಊಟವಾದರೂ ನನಗೆ ವಿಶೇಷ ಆಹ್ವಾನ. ಮೊನ್ನೆ ಏಳಣ್ಣನ ಮಗಳ ಮದುವೆಗೆ ಶುಂಠಿನೀರು ಕುಡಿದು ಸಜ್ಜಾಗಿ ಹೋದೆ. ಇಳಿಹೊತ್ತಿಗೆ ಏಳಣ್ಣ ಓಡಿಬಂದು, "ಎರಡಣ್ಣ, ಶಾಮಿಯಾನದೋರು ಕಾಯ್ತಿದ್ದಾರೆ, ಜನ ಏಳ್ತಾನೇ ಇಲ್ಲ. ಬೇಗ ಒಂದು ಹಾಡು!" ಎಂದ. ಹಾಡಿದೆ. ಪಲ್ಲವಿಗೆ ಗಂಡಿನ ಕಡೆಯವರು ಹೋದರು, ಚರಣಕ್ಕೆ ಹೆಣ್ಣಿನ ಕಡೆಯವರು. ಥೋವಾ ಒಬ್ಬಳು ಮಾತ್ರ ಕೊನೆಯವರೆಗೂ ಕೂತು, ಮಂದಹಾಸ ಬೀರುತ್ತ ತಲೆದೂಗುತ್ತಿದ್ದಳು. ನನ್ನ ಕಣ್ಣು ತುಂಬಿ ಬಂತು. ಹೆಂಡತಿಯೆಂದರೆ ಇವಳು!

ಕಾಲುವೆಯ ದಾರಿಯಲ್ಲಿ ಮನೆಗೆ ಮರಳುವಾಗ ಮೆಲ್ಲಗೆ ಕೇಳಿದೆ, "ಹೇಗಿತ್ತೇ ಹಾಡು?"

ಅವಳು ನಿಂತಳು. ಎಡಗಿವಿಯಿಂದ ಒಂದು ಉಂಡೆ ಹತ್ತಿ ತೆಗೆದಳು, ಬಲಗಿವಿಯಿಂದ ಇನ್ನೊಂದು.

"ಆಂ? ಏನಂದ್ರಿ?"