ಹರಿಹರದ ಫ್ಲೋರೈಡ್ ತೀರ್ಥ

ಹಲ್ಲಿನ ಡಾಕ್ಟರ ಎದುರು ಊರೆಲ್ಲ ಬಾಯಿ ತೆಗೆದರೂ ಮಾತಾಡುವವರು ಯಾರೂ ಇಲ್ಲ. ಆದ್ದರಿಂದ ಎಡವಟ್ಟು ಮಾತುಗಳನ್ನೆಲ್ಲ ಡಾಕ್ಟರೇ ಆಡಬೇಕಾಗುತ್ತದೆ. ನನ್ನ ಪಾಲಿಗೆ ಬಂದವು ಬೇಕಾದಷ್ಟಿವೆ. ಎಂಬತ್ತರ ದಶಕದ ಶುರುವಿನವು ನೆನಪಾದರೆ ಮಾತ್ರ ನಗು ಬರುತ್ತದೆ.

ತೀರ್ಥ

ದಾವಣಗೆರೆಯಲ್ಲಿ ಆಗತಾನೆ ಬೋರ್ಡು ಹಾಕಿದ್ದೆ. ರೋಗಿಗಳು ಕಡಿಮೆ, ಉತ್ಸಾಹ ಜಾಸ್ತಿ. ಹರಿಹರದ ಒಂದು ಶಾಲೆಯ ಮಕ್ಕಳಿಗೆ ಗುರುವಾರಕ್ಕೊಮ್ಮೆ ಫ್ಲೋರೈಡ್ ನೀರಿನಲ್ಲಿ ಬಾಯಿ ಮುಕ್ಕಳಿಸುವುದನ್ನು ಕಲಿಸಲು ಒಪ್ಪಿಕೊಂಡೆ. "ಮಿಠಾಯಿ ತಿಂದಾಗ ಬಾಯಾಗೆ ಹುಳಿ ಹುಟ್ಟಿ ಹಲ್ಲು ಕರಗಸ್ತೈತೆ. ಫ್ಲೋರೈಡ್ ಹಲ್ಲಿನ ಮೇಲ್ಪದರ ಗಟ್ಟಿ ಮಾಡಿ ಅದನ್ನ ತಡೀತೈತೆ. ಮುಕ್ಕಳಿಸಿ ಉಗುಳ್ರಿ," ಎಂದು ಭಾಷಣ ಮಾಡಿದೆ. ಲೋಟ ಮರೆತು ಬಂದಿದ್ದರಿಂದ ಚಮಚದಲ್ಲಿ ಅಂಗೈಗೇ ಹಾಕುತ್ತ ಹೋದೆ. ಮೊದಲ ಸಾಲಿನ ಮಕ್ಕಳು ಭಕ್ತಿಯಿಂದ ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡರು.

ಫ್ಲೋರೈಡ್ ಜಾಸ್ತಿ ಹೊಟ್ಟೆಗೆ ಹೋದರೆ ವಿಷ; ನನ್ನ ಜೀವ ಬಾಯಿಗೆ ಬಂತು. ತರಗತಿಯ ಟೀಚರು ಹೆದರಲಿಲ್ಲ. "ಏನು ಕುಡಿಸ್ಬೇಕು ಹೇಳ್ರಿ," ಎಂದರು. "ಹಾಲು," ಎಂದೆ. ಎದುರಿನ ಹೋಟೆಲಿನಿಂದ ತರಿಸಿ ಒಬ್ಬೊಬ್ಬರಿಗೂ ಕುಡಿಸಿದರು. ಯಾರಿಗೂ ಏನೂ ಆಗಲಿಲ್ಲ. ಹಾಲು ಮುಗಿಸಿದ ಒಂದು ಪುಟ್ಟ ಹುಡುಗಿ ಮತ್ತೆ ಕೈ ಒಡ್ಡಿತು: "ತೀರ್ಥ ಆತು, ಪಂಚಾಮೃತ ಆತು. ಪ್ರಸಾದ ಯಾವಾಗ ಕೊಡ್ತೀರಿ ಸಾರ್?"

ಗುರುವಾರ

ಆಮೇಲೆ ನನಗೆ ವಾರದಲ್ಲಿ ಗುರುವಾರ ಒಂದೇ ದಿನ ಉಳಿಯಿತು. ಬಸ್ಸು ಹರಿಹರ ಮುಟ್ಟುವವರೆಗೂ ಕ್ರಾಪು ಬಾಚಿದ್ದೇ ಬಾಚಿದ್ದು. ಆ ಟೀಚರು ಮಕ್ಕಳನ್ನು ಸಾಲು ನಿಲ್ಲಿಸಿ "ಉಗುಳ್ರೋ!" ಎಂದು ಕೂಗುವುದೇ ನನಗೆ ಸಂಗೀತ. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಇವತ್ತಿಗೂ ಗುರುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿಗೆ ಕೈ ಹೋಗುತ್ತದೆ, ಹೋಗಬೇಕಾದ ಊರೇ ಇಲ್ಲ. ಆ ದನಿ ಇನ್ನೊಂದು ಸಲ ಕೇಳಬೇಕು ಅನ್ನಿಸುತ್ತದೆ. ಬೇರೇನೂ ಬೇಡ.

ಅವರ ಹತ್ತಿರ ಮಾತು ತೆಗೆಯಲು ನನಗೆ ಗೊತ್ತಿದ್ದದ್ದು ಫ್ಲೋರೈಡ್ ಒಂದೇ. "ಜಾಸ್ತಿ ಆದ್ರೂ ಕಷ್ಟ ಟೀಚರ್. ಕೆಲವು ಕಡೆ ಬೋರಿನ ನೀರು ಕುಡಿದ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳ್ತಾವೆ," ಎನ್ನುತ್ತಿದ್ದೆ. ಅವರು ತಲೆಯಾಡಿಸಿದರೆ ನನಗೆ ಹಬ್ಬ. ಒಂದು ದಿನ ಹೆಡ್‌ಮಾಸ್ತರು ಪಕ್ಕಕ್ಕೆ ಕರೆದರು. "ಡಾಕ್ಟ್ರೇ, ಇತ್ತಿತ್ಲಾಗೆ ಹುಡುಗ್ರ ಹಲ್ಲಿಗಿಂತ ನಿಮ್ಮ ಹಲ್ಲೇ ಜಾಸ್ತಿ ಕಾಣ್ತಾವಲ್ರೀ. ಸುಮ್ನೆ ಟೀಚರ್ ಮನೆಗೆ ಹಿರೇರನ್ನ ಕಳಿಸ್ರಿ."

ಹೆಣ್ಣು ನೋಡಿದ್ದು

ಹಿರಿಯರ ಜೊತೆ ನಾನೂ ಹೋದೆ. ಉಪ್ಪಿಟ್ಟು, ಕೇಸರಿಬಾತ್ ಮುಗಿಯಿತು. ಟೀಚರು ಬಂದು ಚಾಪೆಯ ಮೇಲೆ ಕುಳಿತರು. ಅವರ ತಂದೆ ದನದ ಸಂತೆಯಲ್ಲಿ ಪಳಗಿದ ರೈತರು. "ಏನಾರ ಕೇಳಾದಿದ್ರೆ ಕೇಳಪ್ಪ," ಎಂದರು. ವಾರಗಟ್ಟಲೆ ಕೂಡಿಟ್ಟ ಮಾತೆಲ್ಲ ಮರೆತುಹೋಯಿತು. ಅಭ್ಯಾಸಬಲದಿಂದ ಹೊರಬಿದ್ದದ್ದು ಒಂದೇ: "ಬಾಯಿ ತೆಗೀರಿ."

ತಂದೆ ಎದ್ದು ನಿಂತರು. "ಹಲ್ಲು ನೋಡಿ ತಗಳಾಕೆ ನಾವೇನು ಹೋರಿ ಮಾರಾಕೆ ಕುಂತೀವೇನ್ರೀ? ಏಳ್ರಿ ಮ್ಯಾಲೆ!" ನಮ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನನ್ನ ಕಥೆ ಮುಗಿಯಿತೆಂದು ಚಪ್ಪಲಿ ಹುಡುಕತೊಡಗಿದೆ.

"ಅಪ್ಪಾ, ತಡಿ," ಎಂದರು ಟೀಚರು. "ಅವ್ರದ್ದೂ ನೋಡಾಣ. ಡಾಕ್ಟ್ರೇ, ಬಾಯಿ ತೆಗೀರಿ."

ತೆಗೆದೆ. ಅವರು ನನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಸಾವಕಾಶವಾಗಿ ನೋಡಿದರು.

"ದವಡೆ ಹಲ್ಲು ಹುಳುಕಾಗೈತಪ್ಪ," ಎಂದರು. "ಊರ ಮಕ್ಕಳಿಗೆಲ್ಲ ಫ್ಲೋರೈಡ್ ಹಾಕ್ಕೊಂಡು ತಮ್ಮದು ಮರ್ತಾರೆ. ನಂಗೆ ಒಪ್ಪಿಗೆ ಐತೆ ಅಂತ ಹೇಳಿಬಿಡು. ಇನ್ನೂ ತಡ ಮಾಡಿದ್ರೆ ಮದ್ವೆ ಊಟ ಮಾಡಾಕೆ ಇವ್ರಿಗೆ ಹಲ್ಲೇ ಉಳಿಯಲ್ಲ!"