ಹೆಣ್ಣಮಗಳು ನಗಸ್ತಾಳೇನ್ರಿ?

ನಾಟಕ ಕಂಪನ್ಯಾಗ ನಗಸೋ ಪಾತ್ರ ಮಾಡಿದವರ ಬಾಳೇ ಹಿಂಗ. ಪರದೆ ಬಿದ್ದ ಮ್ಯಾಲೂ ಮಂದಿ ನಗೋದು ಬಿಡಂಗಿಲ್ಲ. ಐವತ್ತರ ದಶಕದಾಗ ನಾ ಆ ಪಾತ್ರಕ್ಕ ಹಟ ಹಿಡಿದಾಕಿ. ಆಗ ಹಾಸ್ಯ ಅಂದ್ರ ಗಂಡಸರದು. ಹೆಣ್ಣಮಕ್ಕಳು ಹಾಡಬೇಕು, ಇಲ್ಲಾ ಅಳಬೇಕು.

೧. ಇಳಕಲ್ಲಿನ ತಾಲೀಮು

ಕಂಪನಿ ಇಳಕಲ್ಲಿನಾಗ ಬಿಡಾರ ಹೂಡಿತ್ತು. ನನ್ನನ್ನ ಅಳೋ ಪಾತ್ರಕ್ಕ ತಗೊಂಡಿದ್ರು. ನಾ ಒಂದು ಹಾಸ್ಯದ ಸೀನು ಬರದು ಮಾಲಕರ ಮುಂದ ಇಟ್ಟೆ. ಹೆಣ್ಣಮಗಳ ಹಾಸ್ಯಕ್ಕ ಯಾರೂ ನಗಂಗಿಲ್ಲ ಅಂತ ತಿರುಗಿ ಕೊಟ್ರು.

ಮರುದಿನ ತಾಲೀಮಿಗೆ ಅವರು ಬರೋದು ತಡ ಆತು. ನಾ ಅವರ ಖುರ್ಚಿ ಮ್ಯಾಲ ಕುಂತು, ಸೆರಗು ಶಾಲಿನಂಗ ಹೊದ್ದು, ಎಲಿ ಅಡಿಕಿ ಒಂದು ಗಲ್ಲದಾಗ ಇಟಗೊಂಡು ಅವರಂಗ ಎಲ್ಲಾರಿಗೂ ಬೈಯಾಕ ಹತ್ತಿದೆ. ಹಾರ್ಮೋನಿಯಂ ಬಾರಸೋ ಪೇಟಿ ಮಾಸ್ತರು ನಕ್ಕು ನಕ್ಕು ಪೇಟಿ ಮ್ಯಾಲ ಬಿದ್ರು. ನೋಡತೇನಿ, ಮಾಲಕರು ಬಾಗಲದಾಗ ನಿಂತಾರ. ನನ್ನ ಗಂಟುಮೂಟಿ ಕಟ್ಟಿಸ್ತಾರ ಅಂದ್ಕೊಂಡೆ. ಅವರು ಹೊಟ್ಟಿ ಹಿಡಕೊಂಡು ನಕ್ಕು, ಕಣ್ಣೊರಸಿಕೊಂಡು ಅಂದ್ರು, "ಹಾಸ್ಯದ ಪಾತ್ರ ನಿಂದ. ಆದ್ರ ಈ ಮನಷಾನ್ನ ನಾ ಎಲ್ಲೋ ನೋಡೇನಿ. ಯಾರವ?"

೨. ಬಾದಾಮಿ ಹೊಂಡದ ಜಗಳಗಂಟಿ

ಬಾದಾಮ್ಯಾಗ ಅರಬಿ ಒಗ್ಯಾಕ ಹೊಂಡಕ್ಕ ಹೋಗತಿದ್ದೆ. ಮೆಟ್ಟಲ ಮ್ಯಾಲ ಕೇಳಿದ ಮಾತು ಕೂಡಿಸಿ ಒಬ್ಬ ಜಗಳಗಂಟಿ ಪಾತ್ರ ಬರದು, ನಾನ ಆಡಿದೆ.

ಮರುದಿನ ಇಬ್ಬರು ಹೆಂಗಸರು ಸೊಂಟಕ್ಕ ಸೆರಗು ಸಿಗಿಸಿ, ತಮ್ಮತಮ್ಮೊಳಗ ಬೈದಾಡಕೋತ ಬಿಡಾರಕ್ಕ ಬಂದ್ರು. ಮಾಲಕರು ಒಳಗಿರು ಅಂದ್ರು. ಬರದಾಕಿ ನಾ, ಆಡಿದಾಕಿ ನಾ, ಬೈಸಿಕೊಳ್ಳಾಕಿನೂ ನಾನ ಅಂತ ಹೊರಗ ಬಂದೆ. ದೊಡ್ಡಾಕಿ ಕೇಳಿದ್ಲು, "ಯವ್ವಾ, ನಿನ್ನೆ ಆಡಿ ತೋರಿಸಿದ್ದು ನನ್ನನ್ನೋ, ಈಕಿನ್ನೋ? ಈಕಿ ನೋಡು, ಅದು ತಾನ ಅಂತ ಊರೆಲ್ಲಾ ಹೇಳಿಕೋತ ಹೊಂಟಾಳ."

ಇಬ್ಬರೂ ಅಲ್ಲ ಅಂತ ಅಂದೆ. ಅಷ್ಟಕ್ಕ ಅವರ ಜಗಳ ಮುಗೀತು, ಇಬ್ಬರೂ ಕೂಡಿ ನನ್ನ ಮ್ಯಾಲ ಬಂದ್ರು. "ಹಂಗಾರ ನಮ್ಮನ್ನ ಬಿಟ್ಟು ಅಂಥಾಕಿ ಈ ಊರಾಗ ಇನ್ಯಾರದಾಳ?"

೩. ಹುನಗುಂದದ ಹಲ್ಲು

ಹುನಗುಂದದಾಗ ಒಂದಿನ ಮುಂಜಾನೆ ನನ್ನ ದವಡಿ ಬಾತು ಗುಂಬಳಕಾಯಿ ಆತು. ಇವತ್ತಿನ ನಾಟಕದಾಗ ಹಾಸ್ಯದ ಪಾತ್ರ ಗಂಡಸು ಮಾಡಲಿ ಅಂದ್ರು ಮಾಲಕರು. ಒಂದು ಸಲ ಕೈ ಬಿಟ್ರ ಪಾತ್ರ ತಿರುಗಿ ಬರಂಗಿಲ್ಲ ಅಂತ ನನಗ ಗೊತ್ತಿತ್ತು. ಸೀದಾ ದವಾಖಾನಿಗೆ ನಡದೆ.

ಒಳಗ ಕಾಲಿಟ್ಟು ನರಳಿದೆ, ನನ್ನ ನಾಟಕ ನೋಡಿದ್ದ ಪೇಶಂಟರೆಲ್ಲಾ ಇದೂ ಹಾಸ್ಯ ಅಂತ ನಕ್ರು. ನೋವು ಖರೆ ಐತ್ರಿ ಅಂದೆ, ಇನ್ನೂ ನಕ್ರು. ಡಾಕ್ಟರು ಮನಿಯಿಂದ ಹೆಂಡತಿನ್ನ ಕರಿಸಿ, ಇನ್ನೊಮ್ಮೆ ನರಳ್ರಿ, ಈಕಿ ನೋಡಲಿ ಅಂದ್ರು. ಎಷ್ಟರ ನಗ್ರಿ, ಆದ್ರ ಈ ಹಲ್ಲು ಕೀಳ್ರಿ, ನಾ ಇವತ್ತ ಆಡಬೇಕು ಅಂತ ಖುರ್ಚಿ ಹಿಡಕೊಂಡು ಕುಂತೆ.

ಅವರು ಇಕ್ಕಳ ಹಾಕಿ ಜಗ್ಗಿದ್ರು. ನಾ ಚೀರಿದ್ದು ಸಂತಿ ಬಯಲಿನ ತನಕ ಕೇಳಿರಬೇಕು. ಕಿಡಕ್ಯಾಗ ತುಂಬಿದ್ದ ಮಂದಿ ಚಪ್ಪಾಳಿ ಹೊಡದು "ವನ್ಸ್‌ಮೋರ್, ವನ್ಸ್‌ಮೋರ್" ಅಂತ ಕೂಗಿದ್ರು. ನಾಟಕದಾಗ ಆ ಕೂಗು ಹಾಡೋರಿಗೆ ಮಾತ್ರ ಬೀಳೋದು. ಬಾಯಾಗ ರಕ್ತ ಇದ್ರೂ ನನಗ ಹಿಗ್ಗು ಆತು.

ಡಾಕ್ಟರು ಇಕ್ಕಳ ಹಿಡಕೊಂಡು ಮಂದಿ ಕಡೆ ನೋಡಿದ್ರು, ನನ್ನ ಕಡೆ ನೋಡಿದ್ರು, ಆಮ್ಯಾಲ ಭಾಳ ಮರ್ಯಾದಿಯಿಂದ ಕೇಳಿದ್ರು, "ಮಂದಿ ಇಷ್ಟು ಕೇಳಾಕತ್ತಾರ... ಬಾಯಿ ತೆರೀತೀರೇನ್ರಿ, ಇನ್ನೊಂದಕ್ಕ?"